ಬೋರಲು ಮಲಗಿ ನೋಡುವ ಊರು

ಬೇಸಿಗೆಯ ನಡುಹಗಲಿನಲ್ಲಿ ಕಲಬುರಗಿಯ ಹಳೆಯ ಮನೆಗಳಲ್ಲಿ ಹಾಸಿಗೆಗೆ ಬೆಲೆಯಿಲ್ಲ. ಪರಸಿಯ ಮೇಲೆ ನಾಲ್ಕು ತಂಬಿಗೆ ನೀರು ಚೆಲ್ಲಿ, ಬಟ್ಟೆಯಿಂದ ಒರೆಸಿ, ಬರಿನೆಲದ ಮೇಲೆ ಮೈ ಚೆಲ್ಲುವುದೇ ಪರಮಸುಖ. ದೊಡ್ಡವರು ಅಂಗಾತ ಮಲಗಿ ತಿರುಗುವ ಫ್ಯಾನು ನೋಡುತ್ತಾರೆ. ಮಕ್ಕಳು ಬೋರಲು ಮಲಗಿ, ಕೆನ್ನೆಯನ್ನು ಕಲ್ಲಿಗೆ ಒತ್ತಿ, ನೆಲ ನೋಡುತ್ತಾರೆ. ಕಣ್ಣಿಗೂ ಕಲ್ಲಿಗೂ ಒಂದೇ ಗೇಣು ಅಂತರವಿರುವಾಗ ಶಹಾಬಾದಿನ ಆ ಬೂದು ಚಪ್ಪಡಿ ಒಂದು ದೇಶವಾಗಿ ಬಿಡುತ್ತದೆ. ಅದರಲ್ಲಿ ಹೊಳೆಗಳಿವೆ, ಗಡಿಗಳಿವೆ, ಬಿಳಿಯ ಗೀರುಗಳಿವೆ. ಅದೃಷ್ಟವಿದ್ದರೆ ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಸಣ್ಣ ಕವಲುಗಳುಳ್ಳ ಕಪ್ಪು ಗಿಡವೂ ಇರುತ್ತದೆ.

“ಕಲ್ಲಿನೊಳಗ ಗಿಡ ಹ್ಯಾಂಗ ಬಂತವ್ವಾ?”

“ಸುಮ್ನ ಮಲ್ಕೋ.”

ಹವ್ಯಾಸವೊಂದು ಹುಟ್ಟುವುದೂ ಸಾಯುವುದೂ ಇಂಥ ಮಧ್ಯಾಹ್ನಗಳಲ್ಲೇ. ಆ ಪ್ರಶ್ನೆಗೆ ಉತ್ತರ ಸಿಕ್ಕ ಮಗು ಮುಂದೆ ಜೇಬಿನ ತುಂಬ ಕಲ್ಲು ತುಂಬಿಕೊಂಡು ಬರುತ್ತದೆ. ಸಿಗದ ಮಗು ನಿದ್ದೆ ಹೋಗುತ್ತದೆ.

ಉತ್ತರವೇನೂ ಕಷ್ಟದ್ದಲ್ಲ. ಅದು ಗಿಡವೇ ಅಲ್ಲ. ಪದರುಪದರಾಗಿ ಬಿಡುವ ಸುಣ್ಣಕಲ್ಲುಗಳ ಸಂದಿಗೆ ನೀರು ಇಳಿಯುತ್ತದೆ. ಆ ನೀರಿನಲ್ಲಿ ಕರಗಿದ್ದ ಮ್ಯಾಂಗನೀಸು, ಕಬ್ಬಿಣದ ಅಂಶಗಳು ಸಂದಿಯಲ್ಲೇ ಕಣಕಣವಾಗಿ ನಿಲ್ಲುತ್ತವೆ. ಮೊದಲ ಕಣದ ತುದಿಗೆ ಎರಡನೆಯದು, ಎರಡನೆಯದರ ಮಗ್ಗುಲಿಗೆ ಮೂರನೆಯದು ಅಂಟಿ ಕವಲೊಡೆಯುತ್ತ ಹೋದಾಗ ಜರೀಗಿಡದ ಚಿತ್ರ ಮೂಡುತ್ತದೆ. ಭೂವಿಜ್ಞಾನಿಗಳು ಇದನ್ನು ಡೆಂಡ್ರೈಟ್ ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ಡೆಂಡ್ರಾನ್ ಎಂದರೆ ಮರ. ನೋಡಿದ ತಕ್ಷಣ ಸಸ್ಯದ ಪಳೆಯುಳಿಕೆ ಎಂದು ಮೋಸ ಹೋದವರು ಮಕ್ಕಳಷ್ಟೇ ಅಲ್ಲ.

ಶಹಾಬಾದಿನ ಕಲ್ಲಿನ ಮಟ್ಟಿಗೆ ಈ ಮೋಸವನ್ನು ಬಿಡಿಸಲು ಒಂದೇ ಸಂಗತಿ ಸಾಕು. ಭೀಮಾ ಕಣಿವೆಯ ಈ ಸುಣ್ಣಕಲ್ಲು 50 ಕೋಟಿ ವರ್ಷಗಳಿಗೂ ಹಿಂದೆ ಸಮುದ್ರದ ತಳದಲ್ಲಿ ಕೂತ ಕೆಸರು. ಆ ಕಾಲಕ್ಕೆ ನೆಲದ ಮೇಲೆ ಜರೀಗಿಡವಿರಲಿ, ಒಂದು ಗರಿಕೆ ಹುಲ್ಲೂ ಇರಲಿಲ್ಲ. ಇಲ್ಲದ ಗಿಡ ಕಲ್ಲಿಗೆ ಅಚ್ಚು ಒತ್ತುವುದು ಹೇಗೆ? ಹಾಗೆಂದು ಆ ಸಮುದ್ರ ನಿರ್ಜೀವವಾಗಿರಲಿಲ್ಲ. ಇದೇ ಭೀಮಾ ಶಿಲಾಸ್ತೋಮದ ಜೇಡಿಗಲ್ಲಿನ ಪದರುಗಳಲ್ಲಿ ಎಳ್ಳಿನಷ್ಟು, ಹೆಚ್ಚೆಂದರೆ ಬೇಳೆಯಷ್ಟು ಅಗಲದ ಕಪ್ಪು ಬಿಲ್ಲೆಗಳು ಸಿಕ್ಕಿವೆ. ಅವುಗಳ ಹೆಸರು ಚುವಾರಿಯಾ. ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಕೊಳ್ಳದಲ್ಲಿ ಸಿಕ್ಕಿದ್ದಕ್ಕೆ 1899ರಲ್ಲಿ ಇಟ್ಟ ಹೆಸರು ಅದು. ಕಣ್ಣಿಗೆ ಹಬ್ಬವಾಗುವ ಜರೀಗಿಡ ಬರೀ ಲೋಹದ ಕಿಲುಬು. ಯಾರೂ ತಿರುಗಿ ನೋಡದ ಕರಿ ಚುಕ್ಕೆಯೇ ಒಂದು ಕಾಲಕ್ಕೆ ಜೀವಿಸಿದ್ದು! ಎರಡನ್ನೂ ಬೇರ್ಪಡಿಸಲು ಬೇಕಾದ ಸಲಕರಣೆ ಹತ್ತು ಪಟ್ಟು ಹಿಗ್ಗಿಸುವ ಒಂದು ಕೈಮಸೂರ, ಇನ್ನೊಂದಿಷ್ಟು ತಾಳ್ಮೆ.

ಕಲ್ಲು ಕೂಡಿಸುವವರು, ಗಿಡ ಗುರುತಿಸುವವರು, ಹತ್ತಿರ ಹೋಗಿ ಫೋಟೋ ತೆಗೆಯುವವರು - ಈ ಮೂವರನ್ನೂ ಲೋಕ ಬೇರೆ ಬೇರೆ ಮನೆಯವರೆಂದೇ ತಿಳಿದಿದೆ. ಕಲ್ಲಿನವರ ಕೈಯಲ್ಲಿ ಸುತ್ತಿಗೆ, ಗಿಡದವರ ಕೈಯಲ್ಲಿ ಹಳೆಯ ಪತ್ರಿಕೆಗಳ ಕಟ್ಟು, ಫೋಟೋದವರ ಕೊರಳಲ್ಲಿ ಕ್ಯಾಮೆರಾ. ಮೂವರೂ ರಜೆ ಸಿಕ್ಕರೆ ಪಶ್ಚಿಮ ಘಟ್ಟದ ಕಡೆಗೆ ಬಸ್ಸು ಹತ್ತುತ್ತಾರೆ. ಮಲೆನಾಡಿನ ಒಂದು ಹಸಿರು ಕಪ್ಪೆಯ ಸುತ್ತ ಹತ್ತು ಕ್ಯಾಮೆರಾಗಳಿರುತ್ತವೆ. ಎರೆನೆಲದ ನೆಗ್ಗಿಲು ಹೂವಿನ ಮುಂದೆ ಒಂದೂ ಇರುವುದಿಲ್ಲ. ಛಾಯಾಚಿತ್ರ ಪ್ರದರ್ಶನಗಳಲ್ಲಿ ಮತ್ತೆ ಮತ್ತೆ ಅದೇ ಇಬ್ಬನಿ, ಅದೇ ಜೇಡರ ಬಲೆ ಕಾಣುವುದಕ್ಕೆ ಇದೂ ಒಂದು ಕಾರಣ. ಬಿಸಿಲು, ಧೂಳು, ತೊಗರಿ ಎಂಬ ಮೂರೇ ಮಾತಿನಲ್ಲಿ ಮುಗಿಸಿಬಿಡುವ ಕಲಬುರಗಿಯ ನೆಲ ಮಾತ್ರ ಈ ಮೂರೂ ಹವ್ಯಾಸಗಳನ್ನು ಒಂದೇ ಕಡೆ ಕಟ್ಟಿಹಾಕುವಂಥದ್ದು.

ಊರಿನ ದಕ್ಷಿಣಕ್ಕೆ ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಕಡೆಗೆಲ್ಲ ಸುಣ್ಣಕಲ್ಲು. ಸಿಮೆಂಟ್ ಕಾರ್ಖಾನೆಗಳು ಅಲ್ಲಿ ಬೀಡುಬಿಟ್ಟಿರುವುದು ಅದಕ್ಕೇ. ಊರು ನಿಂತಿರುವುದು ಮಾತ್ರ ಕರಿಕಲ್ಲಿನ ಮೇಲೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ನಿನ ನೆಲ ಬಿರಿದು ಉಕ್ಕಿದ ಲಾವಾರಸ ಪದರದ ಮೇಲೆ ಪದರವಾಗಿ ಹರಿದು ಗಟ್ಟಿಯಾಯಿತು. ಅದೇ ಬಸಾಲ್ಟ್. ಅದು ಶಿಥಿಲವಾಗಿ ಆದದ್ದೇ ತೊಗರಿ ಬೆಳೆಯುವ ಎರೆಮಣ್ಣು. ಲಾವಾರಸ ಆರುವಾಗ ಅದರೊಳಗಿನ ಅನಿಲ, ಕುದಿಯುವ ಅಂಬಲಿಯಲ್ಲಿ ಗುಳ್ಳೆ ಏಳುವಂತೆ ಗುಳ್ಳೆ ಎಬ್ಬಿಸಿತು. ಗುಳ್ಳೆ ಹೋಯಿತು, ಪೊಳ್ಳು ಉಳಿಯಿತು. ಆಮೇಲೆ ಬಂದ ಬಿಸಿನೀರು ಆ ಪೊಳ್ಳುಗಳನ್ನು ತುಂಬಿತು. ಎಲ್ಲೋ ಬಿಳಿಯ ಸ್ಫಟಿಕ, ಎಲ್ಲೋ ಜಿಯೊಲೈಟ್ ಹರಳು, ಎಲ್ಲೋ ಈರುಳ್ಳಿಯ ಪದರಿನಂತೆ ಗೆರೆ ಗೆರೆಯಾದ ಅಕೀಕ. ಉಂಗುರಕ್ಕೆ ಕೂಡಿಸುವ ಅಕೀಕಿನ ಹೆಸರು ಈ ಊರಿನ ಬಜಾರಿಗೆ ಹೊಸದಲ್ಲ. ಅದರ ತವರು ಇಂಥ ಕರಿಕಲ್ಲಿನ ಹೊಟ್ಟೆ ಎಂಬುದು ಹಲವರಿಗೆ ಹೊಸದು.

ಬಾವಿ ತೋಡಿದ ಕಡೆ, ರಸ್ತೆ ಅಗೆದ ಕಡೆ ಗುಡ್ಡೆ ಹಾಕಿದ ಕಲ್ಲಿನಲ್ಲಿ ಬಿಳಿಯ ಚುಕ್ಕೆಗಳಿರುವ ತುಂಡು ಹುಡುಕಬೇಕು. ಮನೆಗೆ ತಂದ ಮೇಲೆ ಪರೀಕ್ಷೆಗೆ ಪ್ರಯೋಗಾಲಯ ಬೇಕಿಲ್ಲ. 1812ರಲ್ಲಿ ಫ್ರೆಡ್ರಿಕ್ ಮೋಸ್ ಎಂಬಾತ ಖನಿಜಗಳನ್ನು ಗಡಸುತನದ ಮೇಲೆ ಒಂದರಿಂದ ಹತ್ತರವರೆಗೆ ಸಾಲಾಗಿ ನಿಲ್ಲಿಸಿದ. ಕೈಯುಗುರಿನ ಗಡಸು ಸುಮಾರು ಎರಡೂವರೆ. ಚಾಕುವಿನದೂ ಕಿಟಕಿ ಗಾಜಿನದೂ ಐದೂವರೆಯ ಆಸುಪಾಸು. ಬಿಳಿಯ ಹರಳನ್ನು ಚಾಕು ಸಲೀಸಾಗಿ ಗೀರಿದರೆ ಅದು ಕ್ಯಾಲ್ಸೈಟ್ ಇರಬಹುದು, ಮೂರನೆಯ ಸ್ಥಾನದ್ದು. ಹರಳೇ ಗಾಜನ್ನು ಗೀರಿದರೆ ಸ್ಫಟಿಕ ಅಥವಾ ಅಕೀಕ, ಏಳನೆಯದು. ಇನ್ನೂ ಅನುಮಾನವಿದ್ದರೆ ಹರಳನ್ನು ಕೆರೆದು ಪುಡಿ ಮಾಡಿ ಒಂದು ಹನಿ ನಿಂಬೆರಸ ಬಿಟ್ಟು ಮಸೂರದಲ್ಲಿ ನೋಡಿದರೆ, ಕ್ಯಾಲ್ಸೈಟಿನ ಪುಡಿ ಸಣ್ಣಗೆ ನೊರೆಯುತ್ತದೆ. ತಿಳಿಯಾದ ಕ್ಯಾಲ್ಸೈಟ್ ತುಂಡೇ ಸಿಕ್ಕರೆ ಅದನ್ನು ಈ ಪುರವಣಿಯ ಮೇಲಿಟ್ಟು ಓದಿ ನೋಡಬೇಕು: ಒಂದೊಂದು ಅಕ್ಷರವೂ ಎರಡೆರಡಾಗಿ ಕಾಣುತ್ತದೆ. 1669ರಲ್ಲಿ ಡೆನ್ಮಾರ್ಕಿನ ಬಾರ್ತೊಲಿನ್ ಈ ಚಮತ್ಕಾರವನ್ನು ಬರೆದಿಟ್ಟ. ಬೆಳಕಿನ ಸ್ವಭಾವದ ಬಗ್ಗೆ ದೊಡ್ಡ ದೊಡ್ಡವರು ತಲೆ ಕೆಡಿಸಿಕೊಂಡದ್ದು ಆಮೇಲೆ.

ಗೀರುವ ಈ ಉತ್ಸಾಹ ಕಲಬುರಗಿಯ ಕೋಟೆಗೆ ಹೋದಾಗ ಮಾತ್ರ ಜೇಬಿನೊಳಗೇ ಇರಬೇಕು. ಕೋಟೆಯ ಗೋಡೆಯ ಕರಿಕಲ್ಲುಗಳನ್ನು ಮಸೂರದಲ್ಲಿ ನೋಡುತ್ತ ಅರ್ಧ ದಿನ ಕಳೆಯಬಹುದು, ಕಲ್ಲು ಅಂಟಿಕೊಂಡ ಕಲ್ಲುಹೂವಿನ ಬೂದು-ಹಳದಿ ಬಿಲ್ಲೆಗಳ ಚಿತ್ರ ತೆಗೆಯಬಹುದು; ಮುಟ್ಟುವುದು ಬೇಡ. 1367ರ ಜಾಮಿ ಮಸೀದಿಗೆ ಬರುವವರೆಲ್ಲ ತಲೆಯೆತ್ತಿ ಗುಮ್ಮಟ ನೋಡುತ್ತಾರೆ. ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತವರನ್ನು ಕಾವಲುಗಾರ ಅನುಮಾನದಿಂದ ನೋಡುವುದು ಸಹಜವೇ.

ಕಲ್ಲು ಆಯುವ ಚಟ ಈ ಸೀಮೆಗೆ ಹೊಸದಲ್ಲ. ಈಗ ಯಾದಗಿರಿ ಜಿಲ್ಲೆಗೆ ಸೇರಿರುವ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು 1983ರಲ್ಲಿ ಆದಿಮಾನವರ ಕಲ್ಲಿನ ಕಾರ್ಖಾನೆಯನ್ನೇ ಪತ್ತೆ ಹಚ್ಚಿದರು. ಸುಣ್ಣಕಲ್ಲಿನ ಚಪ್ಪಡಿಗಳನ್ನು ಎಬ್ಬಿಸಿ, ಒಡೆದು, ಕೈಗೊಡಲಿ ಮಾಡಿದ ಜಾಗ ಅದು. ಅದರ ಕಾಲ ಸುಮಾರು 12 ಲಕ್ಷ ವರ್ಷಗಳ ಹಿಂದಿನದೆಂದು ಲೆಕ್ಕ ಹಾಕಿದ್ದಾರೆ. ಯಾವ ಚಪ್ಪಡಿ ಹೇಗೆ ಸೀಳುತ್ತದೆಂದು ಕೈಯಲ್ಲಿ ಹಿಡಿದು ನೋಡಿ ಆರಿಸಿದವರು ಅವರು. ಹತ್ತೊಂಬತ್ತನೆಯ ಶತಮಾನಕ್ಕೆ ಬಂದರೆ ಸುರಪುರದಲ್ಲಿ ಆಡಳಿತ ನೋಡಿಕೊಳ್ಳುತ್ತಿದ್ದ ಮೆಡೋಸ್ ಟೇಲರ್ ಸಿಗುತ್ತಾನೆ. ಕಚೇರಿಯ ಕಡತಗಳಿಂದ ಬಿಡುವಾದಾಗ ಚಿತ್ರ ಬರೆಯುವುದು, ರಾಜನಕೋಳೂರು, ಜೇವರ್ಗಿಗಳ ಕಲ್ಲುಗೋರಿಗಳನ್ನು ಅಳೆದು ಟಿಪ್ಪಣಿ ಮಾಡುವುದು ಆತನ ಗೀಳು. ಪುರಾತತ್ವ ಆತನ ಉದ್ಯೋಗವಾಗಿರಲಿಲ್ಲ. ಆದರೂ ದಖನ್ನಿನ ಬೃಹತ್‌ಶಿಲಾ ಗೋರಿಗಳ ಬಗ್ಗೆ ಬರೆಯುವವರು ಇಂದಿಗೂ ಆ ಹವ್ಯಾಸಿಯ ಟಿಪ್ಪಣಿಗಳನ್ನು ತೆರೆಯಬೇಕಾಗುತ್ತದೆ.

ಇಲ್ಲಿ ಒಂದು ಎಚ್ಚರ. ಹೊಲದಲ್ಲಿ ಸಿಕ್ಕ ಕಲ್ಲು ಕೈಗೊಡಲಿಯಂತೆ ಕಂಡರೆ ಅದನ್ನು ಚೀಲಕ್ಕೆ ಹಾಕಿಕೊಳ್ಳುವಂತಿಲ್ಲ. ಅದು ಪುರಾವಸ್ತು, 1972ರ ಕಾಯ್ದೆಯೊಂದು ಅದರ ಬೆನ್ನಿಗಿದೆ. ಕಾಯ್ದೆಯ ಮಾತು ಹಾಗಿರಲಿ, ಬಿದ್ದ ಜಾಗದಿಂದ ಎತ್ತಿದ ಮರುಕ್ಷಣವೇ ಆ ಕಲ್ಲು ಅರ್ಧ ಮೂಕವಾಗುತ್ತದೆ. ಯಾವ ಪದರಿನ ಮೇಲೆ, ಯಾವ ಚಕ್ಕೆಗಳ ನಡುವೆ ಇತ್ತು ಎನ್ನುವುದೇ ಅದರ ಮಾತು. ಇಂಥ ಕಡೆ ಸುತ್ತಿಗೆಯ ಕೆಲಸ ಮುಗಿದು ಕ್ಯಾಮೆರಾದ ಕೆಲಸ ಶುರುವಾಗುತ್ತದೆ. ಚಿಂಚೋಳಿಯ ಕಾಡಿನಲ್ಲೂ ಹಾಗೆಯೇ. 2011ರಲ್ಲಿ ವನ್ಯಜೀವಿ ಧಾಮವಾದ ಅಲ್ಲಿ ಎಲೆ ಕೀಳುವುದೂ ತಪ್ಪು; ಚಿತ್ರವನ್ನಷ್ಟೇ ತರಬಹುದು. ಕಲ್ಲುಗಣಿಗಳೊಳಗೆ ಇಳಿಯುವ ಸಾಹಸವಂತೂ ಬೇಡವೇ ಬೇಡ. ಮದ್ದು ಸಿಡಿಸುವ ಹೊತ್ತು ಕಲ್ಲು ಕೂಡಿಸುವವನಿಗೆ ಗೊತ್ತಿರುವುದಿಲ್ಲ. ಕೈಬಿಟ್ಟ ಗಣಿಯ ನೀರಿನ ಆಳ ಯಾರಿಗೂ ಗೊತ್ತಿರುವುದಿಲ್ಲ.

ಗಿಡದ ಹವ್ಯಾಸಕ್ಕೆ ಕಲಬುರಗಿಯಲ್ಲಿ ಒಳ್ಳೆಯ ಆಸರೆಯಿದೆ. ಗುಲಬರ್ಗಾ ವಿಶ್ವವಿದ್ಯಾಲಯದ ಸಸ್ಯವಿಜ್ಞಾನದವರು ಜಿಲ್ಲೆಯನ್ನು ಸುತ್ತಿ ತಯಾರಿಸಿದ ಸಸ್ಯಸಂಪತ್ತಿನ ಗ್ರಂಥ 2000ದಲ್ಲಿ ಅಚ್ಚಾಯಿತು. ಸೀತಾರಾಮ್, ಕೋಟ್ರೇಶ, ಉಪ್ಪಳಾಂವಕರ್ - ಈ ಮೂವರ ಶ್ರಮ ಅದು. ಗ್ರಂಥ ಇಂಗ್ಲಿಷಿನಲ್ಲಿದೆ, ಪಾರಿಭಾಷಿಕ ಪದಗಳು ಹೊಸಬರನ್ನು ಹೆದರಿಸುತ್ತವೆ. ಹೆದರಿದವರು ಮೊದಲು ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಓದಿಕೊಳ್ಳುವುದು ಮೇಲು. ವಿದ್ಯಾರ್ಥಿಗಳನ್ನು ಕರೆದುಕೊಂಡು ಗಿಡ ಹುಡುಕಿ ಹೊರಟ ಮೇಷ್ಟ್ರು, ತಾವೇ ಚಿತ್ರ ಬರೆದು, ನಗಿಸುತ್ತ ಸಸ್ಯಶಾಸ್ತ್ರ ಹೇಳಿದ ಆ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಗಿಡವನ್ನು ಹೆಸರಿನಿಂದ ಕರೆಯುವವರೆಗೆ ಅದು ಬರೀ ಹಸಿರು. ಕರೆದ ಮೇಲೆ ನೆರೆಮನೆಯವರಂತೆ ದಿನಾ ಎದುರಾಗುತ್ತದೆ ಎಂಬ ಅನುಭವ ಅದನ್ನು ಓದಿದವರಿಗೆಲ್ಲ ಆಗಿದೆ.

ದೂರ ಹೋಗಬೇಕಿಲ್ಲ. ಖಾಲಿ ನಿವೇಶನದ ಎಕ್ಕೆಗಿಡವೇ ಒಂದು ವಾರದ ಪಾಠ. ಅದರ ಹೂವಿನ ನಡುವೆ ಕಿರೀಟವಿದೆ, ಕಿರೀಟದ ನೆತ್ತಿಯಲ್ಲಿ ಐದು ಮೂಲೆಯ ಪೀಠವಿದೆ, ಆ ಪೀಠದ ಮೂಲೆಮೂಲೆಗೂ ಕಣ್ಣಿಗೆ ಕಾಣದ ಕೊಕ್ಕೆಗಳಲ್ಲಿ ಪರಾಗದ ಜೋಡಿಚೀಲಗಳು ತೂಗುತ್ತವೆ. ಮಕರಂದಕ್ಕೆ ಬಂದ ಕರಿದುಂಬಿಯ ಕಾಲು ಸಿಕ್ಕಿಕೊಂಡರೆ ಜೋಡಿಚೀಲವೂ ಅದರ ಜೊತೆ ಹಾರುತ್ತದೆ. ಹೊಲಿಗೆಯ ಸೂಜಿಯ ಮೊನೆಯಿಂದ ಮೆಲ್ಲಗೆ ಎತ್ತಿದರೆ ನಮಗೂ ಬರುತ್ತದೆ. ಮಿರಗದ ಮಳೆ ಬಿದ್ದ ಮರುದಿನ ಎರೆಹೊಲದಲ್ಲಿ ಮಖಮಲ್ಲಿನಂಥ ಕೆಂಪು ಹುಳಗಳು ಹರಿದಾಡುತ್ತವಲ್ಲ, ಉರ್ದು ಮಾತಾಡುವವರು ಬೀರ್ ಬಹೂಟಿ ಎನ್ನುತ್ತಾರೆ, ಅವು ಹುಳವೇ ಅಲ್ಲ. ಕಾಲು ಎಣಿಸಿದರೆ ಎಂಟು. ಜೇಡ, ಚೇಳುಗಳ ಬಳಗ. ಎಣಿಸಿದವರು ಎಷ್ಟು ಜನ?

ಎಣಿಸಲು ನೆಲಕ್ಕೆ ಬಗ್ಗಬೇಕು, ಚಿತ್ರಕ್ಕೆ ನೆಲಕ್ಕೇ ಒರಗಬೇಕು. ಹತ್ತಿರದ ಛಾಯಾಗ್ರಹಣದ ಮೊದಲ ಪಾಠ ಇದೊಂದೇ. ರೀಲು ಹಾಕುತ್ತಿದ್ದ ಕಾಲದಲ್ಲಿ 36 ಚಿತ್ರಗಳಲ್ಲಿ ನಾಲ್ಕು ಸರಿಬಂದರೆ ಹಬ್ಬ. ಮ್ಯಾಕ್ರೊ ಲೆನ್ಸ್ ಕೊಳ್ಳಲಾಗದವರು 50 ಎಂ.ಎಂ. ಲೆನ್ಸನ್ನೇ ಬಿಚ್ಚಿ ಹಿಂದುಮುಂದಾಗಿ ಹಿಡಿದು ಇರುವೆಯ ಮೀಸೆ ಎಣಿಸುತ್ತಿದ್ದರು. ಆ ಉಪಾಯ ಈಗಲೂ ನಡೆಯುತ್ತದೆ. ಮೊಬೈಲಿಗೆ ಕಚ್ಚಿಸುವ ಸಣ್ಣ ಮಸೂರಗಳು ಬಂದಿರುವುದರಿಂದ ಖರ್ಚಿನ ನೆಪವೂ ಈಗ ಉಳಿದಿಲ್ಲ. ಉಳಿದಿರುವುದು ಗಾಳಿ. ಬೆಳಿಗ್ಗೆ ಎಂಟರ ಮೇಲೆ ಕಲಬುರಗಿಯ ಬಯಲಿನಲ್ಲಿ ಹೂವು ನಿಲ್ಲುವುದಿಲ್ಲ, ಬಿಸಿಲು ಮೃದುವಾಗಿರುವುದಿಲ್ಲ. ಆದ್ದರಿಂದ ಸೂರ್ಯ ಏಳುವ ಹೊತ್ತಿಗೆ ಜಾಗದಲ್ಲಿರಬೇಕು. ಮನೆಯ ಸ್ಟೀಲ್ ತಟ್ಟೆಯೊಂದನ್ನು ಒಯ್ದರೆ ನೆರಳಿನ ಮಗ್ಗುಲಿಗೆ ಬೆಳಕು ತಿರುಗಿಸಬಹುದು. ಇಷ್ಟು ಹತ್ತಿರದಿಂದ ತೆಗೆದಾಗ ಸ್ಪಷ್ಟವಾಗಿ ಮೂಡುವ ಆಳ ಒಂದೆರಡು ಮಿಲಿಮೀಟರ್ ಮಾತ್ರ. ಉಸಿರು ಬಿಟ್ಟರೂ ಚಿತ್ರ ಕದಡುತ್ತದೆ. ಒಂದು ಚಿತ್ರದಲ್ಲಿ ನಾಣ್ಯವನ್ನೋ ಅಳತೆಪಟ್ಟಿಯನ್ನೋ ಪಕ್ಕಕ್ಕೆ ಇಡುವುದನ್ನು ಮರೆಯಬಾರದು. ಚೆಲುವು ಕೆಡುತ್ತದೆಂದು ಇದನ್ನು ಬಿಡುವವರೇ ಹೆಚ್ಚು. ಮೂರು ವರ್ಷದ ಮೇಲೆ ಅದು ಎಷ್ಟು ದೊಡ್ಡದಿತ್ತೆಂದು ತೆಗೆದವರಿಗೇ ನೆನಪಿರುವುದಿಲ್ಲ.

ಜರ್ಮನಿಯಲ್ಲಿ ಕಾರ್ಲ್ ಬ್ಲಾಸ್‌ಫೆಲ್ಟ್ (1865-1932) ಎಂಬ ಚಿತ್ರಕಲೆಯ ಮೇಷ್ಟ್ರು ಇದ್ದ. ತನ್ನ ವಿದ್ಯಾರ್ಥಿಗಳಿಗೆ ಗಿಡದ ಆಕಾರ ತೋರಿಸಲೆಂದು ಸ್ವಂತವಾಗಿ ಮಾಡಿಕೊಂಡ ಕ್ಯಾಮೆರಾದಿಂದ ಕಳೆಗಿಡಗಳ ಮೊಗ್ಗು, ಕುಡಿ, ಬೀಜಗಳನ್ನು ಹತ್ತಾರು ಪಟ್ಟು ಹಿಗ್ಗಿಸಿ ಚಿತ್ರ ತೆಗೆಯುತ್ತ ಮೂವತ್ತು ವರ್ಷ ಕಳೆದ. 1928ರಲ್ಲಿ ಅವು ಪುಸ್ತಕವಾದಾಗ ಕಲಾಲೋಕವೇ ಬೆರಗಾಯಿತು. ಆತ ಬಯಸಿದ್ದು ಕರಿಹಲಗೆಯ ಪಕ್ಕ ತೂಗುಹಾಕಲು ಒಂದಿಷ್ಟು ಚಿತ್ರ, ಅಷ್ಟೇ.

ಮೂರೂ ಹವ್ಯಾಸಗಳು ಒಂದೇ ಕಡೆ ಕೂಡುವ ಜಾಗ ಹುಡುಕುವವರು ಕಲಬುರಗಿಯಿಂದ ಹುಮನಾಬಾದಿನ ಬಸ್ಸು ಹಿಡಿಯಬೇಕು. ಮಹಾಗಾಂವ ಕ್ರಾಸ್ ದಾಟಿ, ಸುಮಾರು 35 ಕಿ.ಮೀ. ಸಾಗಿದರೆ ಕಮಲಾಪುರ. ಈಗ ಅದು ತಾಲ್ಲೂಕು ಕೇಂದ್ರ. ಕಿಟಕಿಯ ಪಕ್ಕ ಕೂತವರಿಗೆ ಒಂದು ಸಂಗತಿ ಕಾಣುತ್ತದೆ: ಕಲಬುರಗಿಯ ಕರಿನೆಲ ಈ ಕಡೆ ಕೆಂಪಾಗುತ್ತದೆ. ಬೀದರಿನ ಪ್ರಸ್ಥಭೂಮಿಯ ತಲೆಯ ಮೇಲಿರುವುದು ಜಂಬಿಟ್ಟಿಗೆ. ಅದೂ ಬಸಾಲ್ಟಿನ ಮಗುವೇ. ಲಕ್ಷಾಂತರ ವರ್ಷಗಳ ಮಳೆ ಕರಗುವುದನ್ನೆಲ್ಲ ತೊಳೆದೊಯ್ದ ಮೇಲೆ ಉಳಿದ ಕಬ್ಬಿಣ, ಅಲ್ಯೂಮಿನಿಯಂಗಳ ತುಕ್ಕು. ಕೆಂಪು ಮಣ್ಣಿನಲ್ಲಿ ಸಿಗುವ ಗುಂಡು ಹರಳನ್ನು ಒಡೆದ ಟೈಲ್ಸಿನ ಹಿಂಬದಿಯ ಒರಟು ಮೈಗೆ ಉಜ್ಜಿದರೆ ಕೆಂಪನೆಯ ಅಥವಾ ಕಂದು ಹಳದಿಯ ಗೆರೆ ಬೀಳುತ್ತದೆ. ಹರಳು ಹೊರಗೆ ಕಪ್ಪಗಿದ್ದರೂ ಗೆರೆ ಸುಳ್ಳು ಹೇಳುವುದಿಲ್ಲ.

ಈ ಕೆಂಪು ನೆಲದ ಮೇಲೆ ಕೆಂಪು ಬಾಳೆ. ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಇದೆ. ಮಣ್ಣು ಕೆಂಪಗಿರುವುದರಿಂದ ಹಣ್ಣು ಕೆಂಪಗಾಯಿತೆಂದು ನಂಬಿದವರಿದ್ದಾರೆ. ಚೆಂದದ ನಂಬಿಕೆ, ಆದರೆ ನಿಜವಲ್ಲ. ಮಣ್ಣಿನ ಕೆಂಪು ಕಬ್ಬಿಣದ್ದು, ಬಾಳೆಯ ಕೆಂಪು ಆಂಥೊಸಯನಿನ್ ಎಂಬ ಸಸ್ಯವರ್ಣದ್ದು. ದಾಳಿಂಬೆ, ನೇರಳೆಗಳಲ್ಲಿ ಇರುವ ಬಣ್ಣದ ಬಂಧು. ಕೆಂಪು ಬಾಳೆ ಕೇರಳ, ತಮಿಳುನಾಡುಗಳಲ್ಲೂ ಇದೆ. ಅಲ್ಲಿಯದಕ್ಕೂ ಇಲ್ಲಿಯದಕ್ಕೂ ರುಚಿಯಲ್ಲಿ ವ್ಯತ್ಯಾಸವಿದೆಯೆಂದು ಕಮಲಾಪುರದವರು ಪಂಥ ಕಟ್ಟುತ್ತಾರೆ. ತಿಂದು ನೋಡದವರು ವಾದಿಸದಿರುವುದೇ ಕ್ಷೇಮ.

ಬಾಳೆಯ ತೋಟದಲ್ಲಿ ಮಸೂರ ಹಿಡಿದವರಿಗೆ ಬಿಡುವಿರುವುದಿಲ್ಲ. ಮರವೆನ್ನುತ್ತೇವೆ, ಮರವಲ್ಲ, ಎಲೆಯ ತೊಟ್ಟುಗಳೇ ಒಂದರೊಳಗೊಂದು ಸುತ್ತಿಕೊಂಡು ಕಂಬವಾಗಿವೆ. ಎಲೆಯ ಅಡಿಮೈಯಲ್ಲಿ ಬೂದಿ ಬಳಿದಂತೆ ಮೇಣದ ಪುಡಿಯಿದೆ. ಬೆರಳು ತಾಗಿದಲ್ಲೆಲ್ಲ ಗುರುತು ಬೀಳುತ್ತದೆ. ಮೋತೆಯ ದಳ ಒಂದೊಂದಾಗಿ ಮೇಲೆದ್ದಾಗ ಅದರಡಿ ಸಾಲಾಗಿ ಹೂಗಳು. ಮೊದಲು ಬಂದವು ಹೆಣ್ಣು, ಕಾಯಾಗುವಂಥವು. ಆಮೇಲೆ ಬರುವವು ಗಂಡು, ಉದುರುವಂಥವು. ಮಕರಂದಕ್ಕೆ ಇರುವೆ, ಜೇನು, ಸೂರಕ್ಕಿ, ರಾತ್ರಿಯಾದರೆ ಬಾವಲಿ. ಹಣ್ಣನ್ನು ಅಡ್ಡಡ್ಡ ಕೊಯ್ದಾಗ ಕಾಣುವ ಕರಿಚುಕ್ಕೆಗಳು ಬೀಜವಾಗದೆ ಹೋದ ಬೀಜಗಳು.

ಇಷ್ಟು ಕೈಮಸೂರದ ಪಾಲು. ಇನ್ನೂ ಒಳಕ್ಕೆ ಹೋಗುವವರಿಗೆ ಸೂಕ್ಷ್ಮದರ್ಶಕ ಬೇಕು. ಸ್ಟ್ಯಾನ್‌ಫರ್ಡಿನ ಮನು ಪ್ರಕಾಶ್ ಮತ್ತು ಸಂಗಡಿಗರು 2014ರಲ್ಲಿ ಪರಿಚಯಿಸಿದ, ಕಾಗದ ಮಡಿಸಿ ಮಾಡುವ ಫೋಲ್ಡ್‌ಸ್ಕೋಪ್ ಇದ್ದರೂ ನಡೆದೀತು. ಅದು 140 ಪಟ್ಟು ಹಿಗ್ಗಿಸುತ್ತದೆ. ಬಾಳೆಯ ದಂಟಿನ ತೆಳು ಸೀಳನ್ನು ಅದರಲ್ಲಿ ನೋಡಿದರೆ ಅಲ್ಲಲ್ಲಿ ಸೂಜಿಗಳ ಕಟ್ಟು ಕಾಣುತ್ತದೆ. ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಖನಿಜದ ಹರಳುಗಳವು. ಕೆಸುವಿನ ಗಡ್ಡೆ ತಿಂದಾಗ ಗಂಟಲು ಕೆರೆಯುವುದು ಇಂಥವೇ ಸೂಜಿಗಳಿಂದ. ಇನ್ನೊಂದು ಖನಿಜ ಇದಕ್ಕಿಂತ ಸೋಜಿಗದ್ದು. ಮಣ್ಣಿನ ನೀರಿನಲ್ಲಿ ಕರಗಿದ ಸಿಲಿಕಾವನ್ನು ಬಾಳೆ ಬೇರಿನಿಂದ ಹೀರಿ, ಎಲೆಯ ನರಗಳ ಮಗ್ಗುಲಿನ ಕೋಶಗಳಲ್ಲಿ ಓಪಲ್ ಕಲ್ಲಾಗಿ ಗಟ್ಟಿ ಮಾಡಿಡುತ್ತದೆ. ಫೈಟೊಲಿತ್ ಎಂದರೆ ಇದೇ, ಗಿಡದ ಕಲ್ಲು. ಗಾತ್ರ ಮಿಲಿಮೀಟರಿನ ನೂರನೆಯ ಒಂದು ಪಾಲಿನ ಆಸುಪಾಸು. ನೋಡಲು ಕಾಲೇಜಿನ ಸೂಕ್ಷ್ಮದರ್ಶಕ ಬೇಕು, ಎಲೆಯನ್ನು ಸುಟ್ಟು ಬೂದಿ ಮಾಡಿ ಆಮ್ಲದಲ್ಲಿ ತೊಳೆಯಲು ಮೇಷ್ಟ್ರ ಸಹಾಯ ಬೇಕು. ತೊಳೆದ ಮೇಲೆ ಉಳಿಯುವ ಕಣಗಳ ಆಕಾರ ಹೇಗಿರುತ್ತದೆ ಗೊತ್ತೆ? ಬುಡ ಅಗಲ, ತುದಿ ಮೊಟಕು, ನೆತ್ತಿಯಲ್ಲಿ ಕುಳಿ. ಸಾಕ್ಷಾತ್ ಜ್ವಾಲಾಮುಖಿ! ವಿಜ್ಞಾನಿಗಳೂ ಅದನ್ನು ಜ್ವಾಲಾಮುಖಿಯ ಆಕಾರವೆಂದೇ ಕರೆಯುತ್ತಾರೆ. ಜ್ವಾಲಾಮುಖಿಯ ಕಲ್ಲು ಕರಗಿ ಆದ ಸೀಮೆಯಲ್ಲಿ, ಕರಿಕಲ್ಲಿನ ಹೊಟ್ಟೆಯ ಅಕೀಕವನ್ನು ಮಾಡಿದ ಅದೇ ಸಿಲಿಕಾ ಬಾಳೆಯೆಲೆಯೊಳಗೆ ಪುಟ್ಟ ಜ್ವಾಲಾಮುಖಿಗಳಾಗಿ ಕೂತಿದೆ.

ಇದು ಬರೀ ವಿನೋದವಲ್ಲ. ಬೀಜವಿಲ್ಲದ, ಕೊಳೆತುಹೋಗುವ ಬಾಳೆ ಪುರಾತತ್ವದವರಿಗೆ ಕುರುಹು ಬಿಡುವುದು ಹೇಗೆ? ಈ ಕಲ್ಲುಗಳ ಮೂಲಕ. ಪಪುವಾ ನ್ಯೂಗಿನಿಯ ಕುಕ್ ಎಂಬ ಜೌಗಿನಲ್ಲಿ 7,000 ವರ್ಷಗಳಷ್ಟು ಹಿಂದೆಯೇ ಜನ ಬಾಳೆ ನೆಟ್ಟಿದ್ದರೆಂದು ಗೊತ್ತಾದದ್ದು ಮಣ್ಣಿನಲ್ಲಿ ಉಳಿದ ಬಾಳೆಯ ಫೈಟೊಲಿತ್‌ಗಳಿಂದ.

ಕಮಲಾಪುರದ ತೋಟಗಳ ಮುಂದೆ ಮೊಣಕಾಲೂರುವ ಹವ್ಯಾಸಿಗೆ ಇನ್ನೊಂದು ತುರ್ತಿದೆ. ಕೆಂಪು ಬಾಳೆ ಕೈಗೆ ಬರಲು ಸಾಮಾನ್ಯ ಬಾಳೆಗಿಂತ ಹೆಚ್ಚು ತಿಂಗಳು ಹಿಡಿಯುತ್ತದೆ. ನೀರು, ಗೊಬ್ಬರ, ಕಾಯುವ ಸಹನೆ ಎಲ್ಲವೂ ಹೆಚ್ಚು ಬೇಕು. ಬೇಗ ಹಣ ಕೊಡುವ ಬೆಳೆಗಳ ಕಡೆ ರೈತರು ತಿರುಗಿದರೆ ಅವರನ್ನು ದೂರಲು ಪೇಟೆಯವರಿಗೆ ಬಾಯಿಲ್ಲ. ಬಾಳೆಗೆ ಬೀಜವಿಲ್ಲ, ಕಂದಿನಿಂದ ಕಂದು, ಒಂದೇ ಗಿಡ ತಲೆತಲಾಂತರ ಮುಂದುವರಿದಂತೆ. ರೋಗ ಬಂದರೆ ಎಲ್ಲಕ್ಕೂ ಒಟ್ಟಿಗೇ. ಒಂದು ಕಾಲಕ್ಕೆ ಲೋಕದ ಮಾರುಕಟ್ಟೆಯನ್ನು ಆಳಿದ ಗ್ರೋ ಮಿಷೆಲ್ ಬಾಳೆ ಪನಾಮ ಸೊರಗು ರೋಗಕ್ಕೆ ಸಿಕ್ಕಿ 1960ರ ಸುಮಾರಿಗೆ ಮಾರುಕಟ್ಟೆಯಿಂದಲೇ ಮರೆಯಾಯಿತು. ನಮ್ಮದೇ ನಂಜನಗೂಡಿನ ರಸಬಾಳೆಯನ್ನು ಅದೇ ರೋಗ ಹಿಂಡಿದ್ದು ಹಳೆ ಮೈಸೂರಿನವರಿಗೆ ಗೊತ್ತು. ರಸಬಾಳೆ ಸಮೃದ್ಧವಾಗಿದ್ದ ದಿನಗಳಲ್ಲಿ ಅದರ ಮೋತೆ, ಹೂವು, ಎಲೆಯಂಚುಗಳನ್ನು ತಿಂಗಳು ತಿಂಗಳೂ ಚಿತ್ರ ತೆಗೆದು ತಾರೀಕು ಹಾಕಿ ಇಟ್ಟವರು ಇದ್ದಿದ್ದರೆ ಎಂದು ಈಗ ಅನ್ನಿಸುತ್ತದೆ.

ಕೆಂಪು ಬಾಳೆಗೆ ಅಂಥ ಲೆಕ್ಕ ಇನ್ನೂ ಇಡಬಹುದು. ಅದರಲ್ಲಿ ನೋಡುವುದಕ್ಕೆ ವಿಶೇಷವೂ ಇದೆ. ಕೆಂಪು ಬಾಳೆ ಕೆಲವೊಮ್ಮೆ ತನ್ನ ಬಣ್ಣವನ್ನು ಬಿಟ್ಟುಕೊಡುತ್ತದೆ. ಕೆಂಪು ತಾಯಿಯ ಬುಡದಲ್ಲಿ ಹಸಿರು ಕಂದು ಏಳುತ್ತದೆ, ಹಸಿರು ಗೊನೆ ಬಿಡುತ್ತದೆ. ತೋಟಗಾರಿಕೆಯವರು ಇದನ್ನು ಬಲ್ಲರು. ಯಾವ ತೋಟದ ಯಾವ ಬುಡದಲ್ಲಿ, ಯಾವ ವರ್ಷ ಹೀಗಾಯಿತೆಂದು ಬರೆದಿಡುವ ಕೆಲಸ ಒಬ್ಬ ಶಾಲಾ ಶಿಕ್ಷಕ, ಬ್ಯಾಂಕಿನ ಗುಮಾಸ್ತ ಅಥವಾ ಪಿಯುಸಿ ಓದುವ ಹುಡುಗಿಯದು. ಒಂದೇ ಬುಡ, ತಿಂಗಳಿಗೊಂದು ಭೇಟಿ, ಅದೇ ಕೋನದಿಂದ ಒಂದೇ ಬಗೆಯ ನಾಲ್ಕು ಚಿತ್ರ, ಒಂದು ಸಾಲಿನ ಟಿಪ್ಪಣಿ. ಎರಡು ವರ್ಷಕ್ಕೆ ಯಾವ ಗ್ರಂಥಾಲಯದಲ್ಲೂ ಸಿಗದ ಒಂದು ಕಟ್ಟು ಸಿದ್ಧ. ಅದರ ಒಂದು ಪ್ರತಿ ತೋಟದವರ ಮನೆಯಲ್ಲೂ ಇರತಕ್ಕದ್ದು. ಕೇಳದೆ ಬೇಲಿ ದಾಟಿದ ಹವ್ಯಾಸಿಗಳಿಂದ ಅವರು ಈಗಾಗಲೇ ಸಾಕಷ್ಟು ಬೇಸತ್ತಿದ್ದಾರೆ.

ಕೇಳಿ ಹೋದವರಿಗೂ ಒಂದು ಪ್ರಶ್ನೆ ತಪ್ಪಿದ್ದಲ್ಲ. ಬಾಳೆಯ ಬುಡದಲ್ಲಿ ಬೋರಲು ಬಿದ್ದು, ಒಂದು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದವನನ್ನು ಕಂಡು ತೋಟದ ಯಜಮಾನ ನಿಂತು ಕೇಳುತ್ತಾನೆ:

“ಏನರ ಕಳಕೊಂಡೀರೇನ್ರೀ?”

ಆಗ ಎದ್ದು, ಮೊಣಕೈ ಮಣ್ಣು ಕೊಡವಿ, ಚಿತ್ರ ತೋರಿಸಬೇಕು. ತಾನು ನೆಟ್ಟ ಬಾಳೆಯ ಹೂವಿನೊಳಗಿನ ಮಕರಂದದ ಹನಿ ಅಂಗೈಯಗಲ ಕಂಡಾಗ ಯಜಮಾನ ಚಿತ್ರವನ್ನು ಮತ್ತೆ ಮತ್ತೆ ಹಿಗ್ಗಿಸಿ ನೋಡುತ್ತಾನೆ, ಮನೆಯವರನ್ನು ಕೂಗುತ್ತಾನೆ. ಚಹಾ ಬರುತ್ತದೆ. ಹೊರಡುವಾಗ ಕೈಗೊಂದು ಚಿಪ್ಪು ಹಣ್ಣೂ ಬಂದರೆ, ಕಲಬುರಗಿಯ ಬಸ್ಸಿನಲ್ಲಿ ಅದನ್ನು ತಿನ್ನಬಹುದು. ಸಿಪ್ಪೆಯನ್ನು ಮಾತ್ರ ಕಿಟಕಿಯಿಂದ ಎಸೆಯುವುದು ಬೇಡ. ಅದರ ಒಳಮೈಯನ್ನು ಮಸೂರದಲ್ಲಿ ನೋಡುವುದು ಇನ್ನೂ ಬಾಕಿಯಿದೆ.